ಬಾಡೂ ಬೇಕು, ಹಾಡೂ ಬೇಕು

ಊಟಕ್ಕೆ ಕೂರುವ ಮುಂಚೆ ಅಲ್ಲಿ ಹಾಡು ಇದೆಯೋ ಇಲ್ಲವೋ ಎಂದು ವಿಚಾರಿಸಿದ ಗಂಡಸರನ್ನು ನನ್ನ ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ನನ್ನ ಗಂಡ. ಹಾಗಂತ ಅವರೇನು ಸಂಗೀತದ ಹುಚ್ಚಿನವರಲ್ಲ, ಕುರಿ ಕಾಯುವವರು. ಮರಿ ತಾಯಿಯನ್ನು ಕೂಗುವುದಕ್ಕಿಂತ ಇಂಪಾದದ್ದು ಅವರ ಕಿವಿಗೆ ಯಾವುದೂ ಇರಲಿಲ್ಲ. ಆದರೂ ರಾಯದುರ್ಗದ ಪೇಟೆಯ ನಡುರಸ್ತೆಯಲ್ಲಿ, ಸುಡು ಬಿಸಿಲಲ್ಲಿ ನನ್ನನ್ನು ನಿಲ್ಲಿಸಿ, ಒಂದು ಹೋಟೆಲಿಗೆ ಹೋಗಿ ಬಾಡು ಕೇಳಿ, ಎದುರಿನ ಹೋಟೆಲಿಗೆ ಹೋಗಿ ಹಾಡು ಕೇಳಿ, ಪೇಟೆಯವರ ಬಾಯಿಗೆಲ್ಲ ಬಿದ್ದು ಬಂದವರು ಅವರೇ. ಅಷ್ಟೆಲ್ಲ ಮಾಡಿದ್ದು ಆ ಒಂದು ದಿನ ನಾನು ಅಳಬಾರದು ಅಂತ.

ಅಳುವಿನ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಮಡಕಶಿರಾ ಕಡೆ, ಗುಡಿಬಂಡೆಗೆ ಹತ್ತಿರದ ಊರಲ್ಲಿ. ಕೊಟ್ಟದ್ದು ರಾಯದುರ್ಗದ ಕಡೆ, ಗುಮ್ಮಘಟ್ಟದ ಬಯಲಿಗೆ. ಆಗ ನಮ್ಮದು ಅನಂತಪುರ ಜಿಲ್ಲೆ, ಅವರದು ಬಳ್ಳಾರಿ ಜಿಲ್ಲೆ. ಎರಡಕ್ಕೂ ಮೇಲೆ ಮದರಾಸು. ಮದರಾಸನ್ನು ನೋಡಿದವರು ಎರಡೂ ಕಡೆ ಯಾರೂ ಇರಲಿಲ್ಲ ಅನ್ನಿ. ಉಣ್ಣೆ ಕೊಳ್ಳಲು ಊರೂರು ತಿರುಗುತ್ತಿದ್ದ ನಮ್ಮ ಚಿಕ್ಕಪ್ಪ ಈ ಸಂಬಂಧ ತಂದಿದ್ದು. "ರೊಪ್ಪದ ತುಂಬಾ ಕುರಿ ಅವೆ, ಒಬ್ನೇ ಮಗ, ಒಬ್ಳೇ ಅತ್ತೆ, ಇನ್ನೇನ್ ಬೇಕಮ್ಮಣ್ಣಿ ನಿಂಗೆ?" ಎಂದು ನನ್ನ ಗದ್ದ ಹಿಡಿದು ಕೇಳಿದರು. ಲೋಕದಲ್ಲಿ ಎಲ್ಲರಿಗೂ ಅತ್ತೆ ಒಬ್ಬಳೇ ಇರುತ್ತಾಳೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹೊಡೆಯುವವರು, ಬೈಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ವಾಸಿಯಾಗಿತ್ತು, ತಿರುಗಿಸಿ ಎರಡು ಮಾತಾಡಿ ಹಗುರಾಗುತ್ತಿದ್ದೆ. ನನ್ನ ಬಾಯಿ ಹುಟ್ಟಿನಿಂದಲೇ ಜೋರು. ಆದರೆ ಅಲ್ಲಿ ಮಾತೇ ಇರಲಿಲ್ಲ! ಗಂಡ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದರೆ ಸಂಜೆ ಬರುವುದು. ಅತ್ತೆ ನನ್ನ ಜೊತೆ ಆಡುವುದಕ್ಕಿಂತ ಹೆಚ್ಚು ಮಾತನ್ನು ಈದ ಕುರಿಯ ಜೊತೆ ಆಡುತ್ತಿದ್ದರು. ನಮ್ಮೂರಲ್ಲಿ ಹಿಪ್ಪುನೇರಳೆ ತೋಟ, ಮನೆಯೊಳಗೆ ರೇಷ್ಮೆಹುಳು ಸೊಪ್ಪು ಮೇಯುವ ಸದ್ದು, ಬೀಸುವಾಗ ಪದ, ಕುಟ್ಟುವಾಗ ಪದ. ಇಲ್ಲಿ ಬರೀ ಗಾಳಿ. ಕುರಿ ರೊಪ್ಪದ ಮುಳ್ಳುಬೇಲಿಯ ಹಿಂದೆ ಒಂದು ಚಪ್ಪಡಿ ಕಲ್ಲಿತ್ತು. ದಿನಾ ಸಂಜೆ ಅದರ ಮೇಲೆ ಕೂತು ಒಂದು ಸುತ್ತು ಅತ್ತು, ಮುಖ ತೊಳೆದುಕೊಂಡು ಬಂದು ರೊಟ್ಟಿ ತಟ್ಟುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಮದುವೆಯಾದ ಮೇಲೆ ಮೊದಲ ಯುಗಾದಿ ಬಂತು. ನಮ್ಮ ಕಡೆ ಯುಗಾದಿಯ ಮರುದಿನವನ್ನು ವರ್ಷದ ತೊಡಕು ಅನ್ನುತ್ತಾರೆ. ಯುಗಾದಿಗೆ ಸಿಹಿ, ತೊಡಕಿಗೆ ಬಾಡು. ಆ ದಿನ ಏನು ಮಾಡಿದರೆ ವರ್ಷವೆಲ್ಲ ಅದೇ ಆಗುತ್ತದೆಂದು ನಮ್ಮವರ ನಂಬಿಕೆ. ಅದಕ್ಕೇ ಆ ದಿನ ಮಕ್ಕಳಿಗೆ ಹೊಡೆಯುವುದಿಲ್ಲ, ಜಗಳ ಕಾಯುವುದಿಲ್ಲ, ಹೊಟ್ಟೆ ತುಂಬ ತಿನ್ನುತ್ತೇವೆ, ಉಯ್ಯಾಲೆ ಕಟ್ಟಿ ಪದ ಹೇಳುತ್ತೇವೆ. ಗುಮ್ಮಘಟ್ಟದ ಕಡೆ ನಾನು ಸೇರಿದ ಮನೆಯಲ್ಲಿ ಅದರ ಸುದ್ದಿಯೇ ಇಲ್ಲ. ಅವರಿಗೆ ಯುಗಾದಿಯ ಮರುದಿನ ಅಂದರೆ ಮರುದಿನ, ಅಷ್ಟೇ. ಯುಗಾದಿಯ ಸಂಜೆ ನಾನು ಆ ಕಲ್ಲಿನ ಮೇಲೆ ಕೂತಿದ್ದಾಗ ನನಗೆ ನಿಜವಾಗಿ ಭಯವಾಯಿತು. ನಾಳೆಯೂ ಇಲ್ಲಿ ಬಂದು ಹೀಗೇ ಅತ್ತರೆ ಮುಗಿಯಿತು, ಇಡೀ ವರ್ಷ ಇದೇ ಕಲ್ಲು, ಇದೇ ಅಳು.

ಅಷ್ಟು ಹೊತ್ತಿಗೆ ಇವರು ಕುರಿ ಕೂಡಿಹಾಕಿ, ಕೈಯಲ್ಲೊಂದು ಮರಿ ಹಿಡಿದು ಅದರ ಮೈಯಿಂದ ಮುಳ್ಳು ಆರಿಸುತ್ತ ಬೇಲಿಯ ಹತ್ತಿರ ಬಂದರು. ಹೇಳಿಯೇಬಿಟ್ಟೆ.

"ನಾಳೆ ನಾನು ಅಳ್ಬಾರ್ದು."

ಇವರು ಮುಳ್ಳು ಆರಿಸುವುದನ್ನು ಬಿಡಲಿಲ್ಲ. "ನಾಳಿ ಯಾಕ? ಇವತ್ತು ಅತ್ರ ನಡೀತೈತೇನು?"

"ಇವತ್ತು ಆಗ್ಲೇ ಅತ್ತಾಯ್ತು."

ಆಮೇಲೆ ಎಲ್ಲ ಬಿಡಿಸಿ ಹೇಳಿದೆ. ತೊಡಕು, ಬಾಡು, ಉಯ್ಯಾಲೆ, ಪದ, ವರ್ಷವೆಲ್ಲ ಅದೇ ಆಗುವುದು. ಇವರು ಲಾಯರಂತೆ ಒಂದೊಂದನ್ನೇ ಕೇಳಿಕೊಂಡರು. "ಅಂದ್ರ ಬಾಡು ತಿಂದು, ಹಾಡು ಕೇಳಿದ್ರ ನೀ ಅಳಂಗಿಲ್ಲ?"

ಹಾಗೇನೂ ನಾನು ಹೇಳಿರಲಿಲ್ಲ. ಆದರೆ ಅಷ್ಟು ಉದ್ದ ಮಾತು ಇವರ ಬಾಯಿಂದ ಬಂದದ್ದೇ ಮೊದಲು. ಹೂಂ ಅಂದೆ.

"ಬಾಡು ಮನ್ಯಾಗ ಆಗಂಗಿಲ್ಲ. ಮನಿದೇವರ ಪೂಜಿ ಆಗೂತನಕ ಅವ್ವ ಒಲಿ ಮ್ಯಾಲ ಇಡಾಕ ಬಿಡಂಗಿಲ್ಲ," ಎಂದರು. ಮರಿಯನ್ನು ಕೆಳಗೆ ಬಿಟ್ಟರು. "ರಾಯದುರ್ಗಕ್ಕ ಹೋಗಾಣ. ಅಲ್ಲಿ ಹೋಟೆಲ್ ಅದಾವು. ಬಾಡೂ ಹಾಡೂ ಎರಡೂ ಇರೂ ಹೋಟೆಲ್ ನೋಡಾಣ."

ಹೋಟೆಲು! ನಮ್ಮಂಥ ಮನೆಗಳ ಹೆಂಗಸರು ಆಗ ಹೋಟೆಲಿನ ಮುಂದೆ ಹಾದುಹೋಗುವಾಗಲೂ ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಇವರಾದರೂ ಹೋಟೆಲು ಕಂಡವರೇ ಅಂದರೆ, ಸಂತೆಗೆ ಹೋದಾಗ ಹೊರಗಿನಿಂದ ಕಂಡವರು. ರೊಟ್ಟಿ ಬುತ್ತಿ ಬಿಟ್ಟು ಬೇರೆ ಏನನ್ನೂ ಪೇಟೆಯಲ್ಲಿ ತಿಂದವರಲ್ಲ. ಆದರೂ ನನಗೆ ಒಳಗೊಳಗೇ ಆಸೆಯಾಯಿತು.

ಮರುದಿನ ಬೆಳಿಗ್ಗೆ ಎದ್ದು ಕಸಪೊರಕೆ ಹಿಡಿದೆ. ಅತ್ತೆ ಎಲ್ಲಿದ್ದರೋ, ಓಡಿ ಬಂದು ಕೈಯಿಂದ ಕಿತ್ತುಕೊಂಡರು. "ನೀ ಕುಂದ್ರು," ಎಂದರು. ಸರಿ, ಕೊಡ ಎತ್ತಿಕೊಂಡೆ. ಅದನ್ನೂ ಕಿತ್ತುಕೊಂಡರು. "ನೀ ಕುಂದ್ರು." ಮಜ್ಜಿಗೆ ಕಡೆಯಲು ಹೋದರೆ ಕಡೆಗೋಲನ್ನು ಹಿಂದೆ ಬಚ್ಚಿಟ್ಟುಕೊಂಡರು. ರೊಪ್ಪದ ಗೊಬ್ಬರ ತೆಗೆಯಲು ಹೋದರೆ ಬುಟ್ಟಿಯನ್ನೇ ಮಾಯ ಮಾಡಿದ್ದರು. ಎಲ್ಲದಕ್ಕೂ ಒಂದೇ ಮಾತು, "ನೀ ಕುಂದ್ರು." ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ.

ನನಗೆ ಎದೆ ಒಡೆದುಹೋಯಿತು. ಈ ಮನೆಯ ಪೊರಕೆ ಮುಟ್ಟಲೂ ನಾನು ಬೇಡವಾದೆನೇ? ಬೇರೆ ಯಾವ ದಿನವಾದರೂ ಆಗಬಾರದಿತ್ತೇ, ತೊಡಕಿನ ದಿನವೇ ನನ್ನನ್ನು ಹೀಗೆ ಹೊರಗಿಡಬೇಕೇ? ಈ ದಿನ ಹೊರಗಿಟ್ಟರೆ ವರ್ಷವೆಲ್ಲ ಹೊರಗೇ. ಅಳು ಬಂತು. ನುಂಗಿಕೊಂಡೆ. ಒಳಗೆ ಹೋಗಿ ಮದುವೆಯ ಸೀರೆ ಉಟ್ಟುಕೊಂಡು ಬಂದು, ಹೇಳಿದ ಹಾಗೆ ಕಟ್ಟೆಯ ಮೇಲೆ ಬೊಂಬೆಯ ಹಾಗೆ ಕೂತೆ. ಇವರು ರುಮಾಲು ಸುತ್ತಿಕೊಂಡು ಬಂದರು. ನಾವು ಹೊರಟಾಗ ಅತ್ತೆ ನಮ್ಮನ್ನು ತಡೆಯಲಿಲ್ಲ, ಎಲ್ಲಿಗೆ ಎಂದು ಕೇಳಲೂ ಇಲ್ಲ. "ಹೊತ್ತು ಮುಳುಗೂದ್ರೊಳಗ ಬರ್ರಿ," ಎಂದಷ್ಟೇ ಹೇಳಿ ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದರು.

ಗುಮ್ಮಘಟ್ಟದ ದಾರಿಗೆ ಬಂದು ಬಸ್ಸು ಹಿಡಿದೆವು. ಬಸ್ಸು ಅಂದರೆ ಮೂಗಿನ ಮುಂದೆ ಕಬ್ಬಿಣದ ಕೈ ಹಾಕಿ ತಿರುಗಿಸಿ ಹೊರಡಿಸುವಂಥದ್ದು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ, ಅಳಬಾರದು ಅಳಬಾರದು ಎಂದು ಮನಸ್ಸಿನಲ್ಲೇ ಜಪ ಮಾಡುತ್ತ ಕೂತಿದ್ದೆ. ಇವರು ಅದನ್ನು ಬಸ್ಸಿನ ಭಯ ಅಂದುಕೊಂಡು ನನ್ನ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ರಾಯದುರ್ಗದ ಕೋಟೆಬೆಟ್ಟದ ಕೆಳಗೆ ಪೇಟೆಯಲ್ಲಿ ಎದುರಾಬದುರಾ ಎರಡು ಹೋಟೆಲುಗಳಿದ್ದವು. ಒಂದು ಕಾಫಿ ಹೋಟೆಲು. ಅದರ ಬಾಗಿಲಲ್ಲಿ ಮೇಜಿನ ಮೇಲೆ ಗ್ರಾಮಾಫೋನು, ಅದರ ಕಹಳೆಯನ್ನು ರಸ್ತೆಗೆ ಮುಖ ಮಾಡಿ ಇಟ್ಟಿದ್ದರು. ನಾಟಕದ ಹಾಡೊಂದು ಇಡೀ ಪೇಟೆಗೆ ಕೇಳುತ್ತಿತ್ತು. ಒಳಗಿನ ಕೋಣೆ ದೊಡ್ಡ ಜಾತಿಯವರಿಗೆ, ಹೊರಗಿನ ಬೆಂಚು ನಮ್ಮಂಥವರಿಗೆ, ಮೂಲೆಯಲ್ಲಿ ಹೆಂಗಸರಿಗೆಂದು ಒಂದು ಪರದೆ. ಎದುರಿಗೆ ತಗಡಿನ ಸೂರಿನ ಇನ್ನೊಂದು. ಅದರಿಂದ ಮಸಾಲೆ ಹುರಿದ ವಾಸನೆ ಬಂದು ನನ್ನ ಹೊಟ್ಟೆಯಲ್ಲಿ ನೇರವಾಗಿ ಕೂತುಕೊಂಡಿತು.

ಇವರು ನನ್ನನ್ನು ನಡುವೆ ನಿಲ್ಲಿಸಿ ಮೊದಲು ಹಾಡಿನ ಹೋಟೆಲಿಗೆ ಹೋದರು. ಗಲ್ಲಾದ ಮೇಲೆ ಹಣೆಗೆ ಗಂಧ ಇಟ್ಟುಕೊಂಡವರೊಬ್ಬರು ಕೂತಿದ್ದರು. ಇವರು ರುಮಾಲು ಸರಿಮಾಡಿಕೊಂಡು, ತುಂಬ ಮರ್ಯಾದೆಯಿಂದ, ಕುರಿ ಕಾಯುವ ಗಂಟಲಿನಲ್ಲಿ ಕೇಳಿದರು.

"ಬಾಡು ಐತೇನ್ರಿ?"

"ಏನು?"

"ಬಾಡ್ರೀ. ಕುರಿದು."

ಇಡ್ಲಿ ತಿನ್ನುತ್ತಿದ್ದವರ ಕೈಗಳು ನಿಂತವು. ಗ್ರಾಮಾಫೋನು ಒಂದೇ ಏನೂ ಆಗದವರ ಹಾಗೆ ಹಾಡುತ್ತಿತ್ತು. ಗಲ್ಲಾದವರು ಎದ್ದು ನಿಂತರು. "ರಾಮ ರಾಮಾ! ಹಬ್ಬದ ಮಾರನೇ ದಿನ ಬಂದು ಕೇಳುವ ಮಾತೇನಯ್ಯಾ ಇದು? ಎಲ್ಲಿಯವನಯ್ಯಾ ನೀನು?"

"ಗುಮ್ಮಘಟ್ಟದ ಕಡೆಯಾಂವ್ರೀ," ಎಂದರು ಇವರು ಸಮಾಧಾನವಾಗಿ. "ಹಾಡು ಭಾಳ ಚೊಲೊ ಐತ್ರಿ ನಿಮ್ದು. ಬಾಡು ಇದ್ದಿದ್ರ ಇಲ್ಲೇ ಕುಂದ್ರುತಿದ್ವಿ."

ಅಯ್ಯೋ ನನ್ನ ಕರ್ಮವೇ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೆರಗು ಮೂಗಿನವರೆಗೆ ಎಳೆದುಕೊಂಡೆ. ಇವರು ತಿರುಗಿ ಬಂದು, ಏನೋ ದೊಡ್ಡ ಉಪಾಯ ಹೊಳೆದವರಂತೆ ಹೇಳಿದರು. "ಹಿಂಗ ಮಾಡಾಣ. ಅಲ್ಲಿ ಬಾಡು ತಿನ್ನಾಣ. ಆಮ್ಯಾಲ ಇಲ್ಲಿ ರಸ್ತ್ಯಾಗ ನಿಂತು ಹಾಡು ಕೇಳಾಣ."

"ಚೆನ್ನಾಗೈತೆ! ಇವತ್ತು ರಸ್ತೇಲಿ ನಿಂತ್ರೆ ವರ್ಷವೆಲ್ಲಾ ರಸ್ತೇಲೇ ನಿಲ್ಲಿಸ್ತೀರಾ ನನ್ನ?" ಎಂದು ಸಿಡಿದೆ. ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಆ ಮಾತಿನಲ್ಲಿ ಹೊರಗೆ ಬಂತು. "ಒಂದೇ ಸೂರಿನ ಕೆಳಗೆ ಎರಡೂ ಇದ್ರೆ ಸರಿ. ಇಲ್ದಿದ್ರೆ ನಡೀರಿ, ಊರಿಗೆ ಹೋಗಾನ."

ಇವರು ನನ್ನ ಮುಖ ನೋಡಿದರು. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಾಪ, ಕುರಿ ಕಳೆದುಕೊಂಡವರ ಮುಖ. ಎದುರಿನ ತಗಡಿನ ಹೋಟೆಲಿಗೆ ನಡೆದರು. ನಾನೂ ಹಿಂದೆ ಹೋದೆ, ಇನ್ನೇನು ಮಾನ ಉಳಿದಿದೆ ಹೋಗಲಿಕ್ಕೆ ಎಂದುಕೊಂಡು.

ಒಲೆಯ ಮುಂದೆ ನರೆತ ಮೀಸೆಯ ದಪ್ಪ ಮನುಷ್ಯರೊಬ್ಬರು ಸೌಟು ಹಿಡಿದು ನಿಂತಿದ್ದರು. ಹೋಟೆಲಿನ ಮಾಲೀಕರೂ ಅವರೇ, ಅಡಿಗೆಯವರೂ ಅವರೇ.

"ಹಾಡು ಐತೇನ್ರಿ?" ಎಂದು ಕೇಳಿದರು ಇವರು.

ಮಾಲೀಕರು ಸೌಟನ್ನು ಕೆಳಗಿಟ್ಟರು. "ಏನಂದ್ರಿ? ಇನ್ನೊಮ್ಮೆ ಅನ್ರಿ."

"ಬಾಡು ಐತಿ ಅಂತ ವಾಸನಿ ಬಂತ್ರಿ. ಹಾಡು ಐತೇನು ಅಂತ ಕೇಳಿದ್ನಿ."

"ಇಷ್ಟು ವರ್ಷ ಹೋಟೆಲ್ ಇಟ್ಟೀನಿ, ಇವತ್ತು ಒಬ್ಬ ಗಿರಾಕಿ ಬಂದ ನೋಡು ಇದನ್ನ ಕೇಳಾಂವ!" ಎಂದು ಮಾಲೀಕರು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು. "ಬರ್ರೀ ಬರ್ರಿ. ತಂಗೀ, ನೀನೂ ಬಾರವ್ವ, ಒಳಗ ನಮ್ಮಾಕಿ ಅದಾಳ, ಅಕೀ ಹತ್ರ ಕುಂದ್ರು. ಹಾಡು ಐತೇನು ಅಂತಾನ! ಹಬ್ಬದಾಗ ಇಲ್ಲಿ ಉಂಡಾವ್ರು ಹಾಡಿದ ಮ್ಯಾಲ ಕೈ ತೊಳಿಯಾಕ ನೀರು ಕೊಡೂದು, ಗೊತ್ತೇನು?"

ಯಾಕೆಂದರೆ ಮಾಲೀಕರು ಪ್ರಾಯದಲ್ಲಿ ಬಳ್ಳಾರಿಯ ದಂಡಿನಲ್ಲಿ ಬಿಳಿಯ ಸಿಪಾಯಿಗಳಿಗೆ ಅಡಿಗೆ ಮಾಡಿದವರು. ಅದರಲ್ಲೂ ಐರ್ಲೆಂಡ್ ಎಂಬ ದೇಶದವರ ಕ್ಯಾಂಟೀನಿನಲ್ಲಿ. "ಬ್ಯಾರೆ ಗೋರಾಗಳು ಉಂಡು ಎದ್ದು ಹೋಗಾರ್ರಿ. ಈ ಐರಿಷ್ ಮಂದಿ ಹಂಗಲ್ಲ," ಎಂದು ಬಡಿಸುತ್ತಲೇ ಹೇಳಿದರು. "ಹಬ್ಬ ಬಂತಂದ್ರ ಮೇಜು ಬಡದು ಒಬ್ಬೊಬ್ರೂ ಒಂದೊಂದು ಹಾಡಬೇಕು. ಅವರ ಊರಾಗ ಕುಡಿಯೋ ಅಂಗಡಿನೂ ಹಂಗಂತ. ಊಟ, ಕುಡಿತ, ಹಾಡು, ಎಲ್ಲಾ ಒಂದ ಸೂರಿನ ಕೆಳಗ. ಯಾಕ್ರೋ ಹಿಂಗ ಅಂತ ಒಬ್ಬ ಹುಡುಗನ್ನ ಕೇಳಿದ್ನಿ. ಊರು ದೂರ ಐತಿ, ಹಾಡಿದ್ರ ಹತ್ರ ಬರ್ತೈತಿ ಅಂದ. ಅವತ್ತಾ ಮನಸ್ನ್ಯಾಗ ಅಂದ್ಕಂಡೆ, ನಾ ಹೋಟೆಲ್ ಇಟ್ರ ಹಿಂಗಾ ಇಡಬೇಕು ಅಂತ."

ಒಳಗೆ ಚಾಪೆಯ ಮೇಲೆ ಕೂತಿದ್ದ ನನಗೆ ಆ ಮಾತು ನಾಟಿತು. ಸಮುದ್ರದ ಆಚೆಯ ಬಿಳಿ ಹುಡುಗನಿಗೂ ನನ್ನ ಹಾಗೆಯೇ ಆಗುತ್ತಿತ್ತಲ್ಲ! ಅವನ ಮುಖ ನೋಡಿದವಳಲ್ಲ, ಆದರೂ ಕರುಳು ಚುರ್ ಅಂದಿತು.

ತಟ್ಟೆಗೆ ಮುದ್ದೆ ಬಂತು, ಬಾಡಿನ ಸಾರು ಬಂತು. ನಮ್ಮ ಕಡೆಯ ಗಾಡಿಯವರಿಗೋಸ್ಕರ ಅಲ್ಲಿ ರಾಗಿಮುದ್ದೆ ಮಾಡುತ್ತಿದ್ದರು. ಸಾರಿಗೆ ಹೆಸರಿಡುವ ಹಾಗಿಲ್ಲ. ಮುದ್ದೆಯಲ್ಲಿ ಮಾತ್ರ ಗಂಟು. "ಹಿಟ್ಟು ಕೂಡ್ಸೋಕೆ ಬರಲ್ವೇನಕ್ಕಾ ನಿಮ್ ಕಡೆಯೋರ್ಗೆ?" ಎಂದು ಮಾಲೀಕರ ಹೆಂಡತಿಗೆ ಅಂದೇಬಿಟ್ಟೆ. ಅವರು ನಕ್ಕರು. "ಗಾಡಿಯವ್ರೂ ಇದನ್ನ ಅಂತಾರವ್ವ. ರೊಟ್ಟಿ ತಟ್ಟೋ ಕೈಗೆ ಮುದ್ದಿ ಒಲಿಯಂಗಿಲ್ಲ," ಎಂದು ಇನ್ನೊಂದು ತುಂಡು ಬಾಡು ಹಾಕಿದರು. ಗಂಟಿದ್ದರೂ ಮುದ್ದೆ ಮುದ್ದೆಯೇ. ಎಷ್ಟು ತಿಂಗಳಾಗಿತ್ತೋ, ನಾಲಿಗೆಗೆ ಹೋದ ಜೀವ ಬಂತು.

ಊಟ ಮುಗಿಯುವ ಹೊತ್ತಿಗೆ ಮಾಲೀಕರು ತಾವೇ ಶುರು ಮಾಡಿದರು. ಸೌಟಿನಿಂದ ಬಾಣಲೆ ಬಡಿಯುತ್ತ ಐರಿಷ್ ಸಿಪಾಯಿಗಳ ಒಂದು ಹಾಡು. ಮಾತೆಲ್ಲ ಮರೆತುಹೋಗಿ ಬರೀ ಲಲಲಾ ಉಳಿದಿತ್ತು. ಆದರೆ ಆ ಧಾಟಿ! ಹುಟ್ಟಿದ ಮಾರನೆಯ ದಿನ ಮೇಕೆಮರಿ ನೆಗೆಯುತ್ತದಲ್ಲ, ಹಾಗೆ ನೆಗೆನೆಗೆದು ಹೋಗುವುದು. ಕೂತಿದ್ದವರ ಮೊಣಕಾಲುಗಳೆಲ್ಲ ಕುಣಿಯತೊಡಗಿದವು. ಮುಗಿಸಿದವರೇ ಸೌಟನ್ನು ಇವರ ಕಡೆ ತೋರಿಸಿದರು. "ಹಾಡು ಕೇಳಿಕೆಂತ ಬಂದಾವ್ರು ನೀವು. ಹಾಡ್ರಿ ಈಗ."

ತೆರೆದ ಬಾಗಿಲಿನಿಂದ ನನಗೆ ಇವರು ಕಾಣುತ್ತಿದ್ದರು. ಕಿವಿ ಕೆಂಪಾಗಿತ್ತು. "ನನಗ ಹಾಡು ಬರಂಗಿಲ್ರಿ. ಕುರಿ ಕರಿಯಾಕ ಬರ್ತೈತಿ."

"ಅದನ್ನ ಹಾಡ್ರಿ ಮತ್ತ!"

ಇವರು ಎದ್ದು ನಿಂತರು. ಎಂಜಲು ಕೈಯನ್ನು ಹಿಂದೆ ಕಟ್ಟಿಕೊಂಡು, ಇನ್ನೊಂದು ಕೈ ಕಿವಿಯ ಮೇಲಿಟ್ಟು, ಬಯಲಿನ ಈ ಅಂಚಿನಿಂದ ಆ ಅಂಚಿಗೆ ಕೂಗುವ ಹಾಗೆ ಕೂಗಿದರು. "ಹೋ... ಹೊರ್ರ್ರ್ ಹೋಯ್! ಬ್ಯಾ ಬ್ಯಾ ಬ್ಯಾ, ಹೊರ್ರ್ರ್!" ತಗಡಿನ ಸೂರು ಗಡಗಡ ಅಂದಿತು. ಎದುರಿನ ಗ್ರಾಮಾಫೋನು ಇದರ ಮುಂದೆ ಸೊಳ್ಳೆಯಾಯಿತು. ಆಮೇಲೆ ಆದದ್ದನ್ನು ಹೇಳಿದರೆ ನನ್ನ ಮಕ್ಕಳೇ ನಂಬುವುದಿಲ್ಲ. ರಸ್ತೆಯಲ್ಲಿ ಯಾರೋ ಹೊಡೆದುಕೊಂಡು ಹೋಗುತ್ತಿದ್ದ ಕುರಿಗಳು ತಿರುಗಿ ನಿಂತವು. ಎರಡು ಕುರಿ ಸೀದಾ ಬಂದು ಬಾಡಿನ ಹೋಟೆಲಿನ ಬಾಗಿಲಲ್ಲಿ ತಲೆ ತೂರಿಸಿ, ಬ್ಯಾ, ಎಂದು ಓಗೊಟ್ಟವು.

"ಸಾಕ್ರೀ ಸಾಕು!" ಮಾಲೀಕರು ಕೂಗಿದರು. "ತಾವಾ ಒಲಿಗೆ ಬರಾಕ ಹತ್ಯಾವು!"

ನನಗೆ ಎಲ್ಲಿಂದ ಬಂತೋ ನಗು. ಹೊಟ್ಟೆ ಹಿಡಿದುಕೊಂಡೆ, ಗೋಡೆಗೆ ಒರಗಿದೆ, ಮಾಲೀಕರ ಹೆಂಡತಿಯ ಹೆಗಲ ಮೇಲೆ ಬಿದ್ದೆ. ಕಣ್ಣಲ್ಲಿ ನೀರು ಧಾರಾಕಾರ. ಬಾಗಿಲಲ್ಲಿ ಇವರು ಬಂದು ನಿಂತರು. ನನ್ನ ಕಣ್ಣೀರು ನೋಡಿದ್ದೇ ಇವರ ಮುಖ ಬಿದ್ದುಹೋಯಿತು.

"ಯಾಕ? ಅಳಾಕ ಹತ್ತಿಯೇನು? ಬಾಡು ಚೊಲೊ ಇಲ್ಲೇನು? ಬ್ಯಾರೆ ಕಡೆ ಹೋಗಾಣೇನು?"

ಇಲ್ಲ ಇಲ್ಲ ಎಂದು ಕೈ ಆಡಿಸಿದೆ. ಇವರು ಇನ್ನೂ ಗಾಬರಿಯಾದರು. "ನಗ್ತಾ ಇದೀನಿ ಕಣ್ರೀ!" ಎಂದು ಕಡೆಗೆ ಕಿರುಚಿದೆ. ಇವರು ನಂಬದೆ ನನ್ನನ್ನೇ ನೋಡುತ್ತ ನಿಂತರು. ತಪ್ಪೇನು? ಮದುವೆಯಾದಾಗಿನಿಂದ ನಾನು ನಕ್ಕದ್ದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಗುರುತು ಹೇಗೆ ಸಿಗಬೇಕು?

ಆಮೇಲೆ ನನ್ನ ಸರದಿ. ಮಾಲೀಕರು ಹೊರಗಿನಿಂದಲೇ ಕೂಗಿದರು, ಒಳಗಿನವರಿಗೂ ಅದೇ ಕಾನೂನು ಎಂದು. ನನಗೆ ಬರುತ್ತಿದ್ದುದೆಲ್ಲ ಬೀಸುವ ಪದ. ಬೀಸುವ ಪದ ಅಂದರೆ ತವರು, ತಾಯಿ, ಅಣ್ಣ ಬಂದು ಕರೆದೊಯ್ಯುವುದು. ಮೊದಲ ಸಾಲಿಗೇ ಗೋಳೋ ಎಂದು ಅತ್ತುಬಿಡುತ್ತಿದ್ದೆ, ಅಲ್ಲಿಗೆ ವರ್ಷವೆಲ್ಲ ಹಾಳು. ಹಾಗಾಗಿ ಒಂದು ಉಪಾಯ ಮಾಡಿದೆ. ಮಾಲೀಕರ ಆ ನೆಗೆಯುವ ಧಾಟಿಯನ್ನೇ ಹಿಡಿದು, ಬಾಯಿಗೆ ಬಂದ ಮಾತು ಸೇರಿಸಿದೆ.

"ಬಂದ್ವಮ್ಮ ಬಂದ್ವಮ್ಮ ಕುರಿ ಬಂದ್ವಮ್ಮ, ಉಣ್ಣಾಕೆ ಬಂದ್ವೋ, ಸಾರಿಗೆ ಬಂದ್ವೋ, ಕರೆದೋರ ಕೇಳಮ್ಮ!"

ಹೊರಗೆ ಮೇಜುಗಳು ಧಡಧಡ ಅಂದವು. ಮಾಲೀಕರು ಬಾಣಲೆ ಬಡಿದು ತಾಳ ಹಾಕಿದರು. ಅವರ ಹೆಂಡತಿ ನನ್ನ ಕೈಗೆ ನೀರು ಹಾಕಿದರು, ಧಾರ್ಮಿಕ ಕೆಲಸದ ಹಾಗೆ ಗಂಭೀರವಾಗಿ. ಅವತ್ತು ನನಗೆ ಊರು ಹತ್ತಿರ ಬಂತೋ ಇಲ್ಲವೋ ಗೊತ್ತಿಲ್ಲ. ಆದರೆ ಅಲ್ಲಿಯವರೆಗೆ ದೂರವೇ ಇದ್ದ ಗಂಡ ಹತ್ತಿರ ಬಂದರು.

ಹೊರಡುವಾಗ ಇವರು ಎದುರಿನ ಕಾಫಿ ಹೋಟೆಲಿಗೆ ಮತ್ತೆ ಹೋದರು. ಅವ್ವನಿಗೆ ಜಿಲೇಬಿ ಬೇಕಂತೆ. ಅತ್ತೆಯ ಹೆಸರು ಕೇಳಿದ್ದೇ ಬೆಳಗಿನ ಪೊರಕೆ, ಕೊಡ, ಕಡೆಗೋಲು ಎಲ್ಲ ನೆನಪಾಗಿ ನನ್ನ ಮುಖ ಮತ್ತೆ ಗಂಟಾಯಿತು. ಗಲ್ಲಾದವರು ಇವರನ್ನು ಗುರುತು ಹಿಡಿದರು. "ಸಿಕ್ಕಿತೇನಯ್ಯಾ ನಿನ್ನ ಬಾಡು?" ಎಂದು ನಗುತ್ತ ಕೇಳಿದರು. "ಸಿಕ್ತ್ರಿ. ಹಾಡೂ ಸಿಕ್ತು," ಎಂದರು ಇವರು. "ಅದು ನಮಗೂ ಕೇಳಿಸಿತು," ಎಂದು ಗಲ್ಲಾದವರು ಎಲೆಯ ಪೊಟ್ಟಣಕ್ಕೆ ಇನ್ನೊಂದು ಜಿಲೇಬಿ ಹಾಕಿದರು.

ಊರು ಮುಟ್ಟಿದಾಗ ಹೊತ್ತು ಇನ್ನೂ ಗುಡ್ಡದ ಮೇಲೆ ಒಂದು ಮಾರು ಇತ್ತು. ಒಳಗೆ ಕಾಲಿಟ್ಟೆ. ಮನೆ ಗುಡಿಸಿತ್ತು. ಅಂಗಳ ಸಾರಿಸಿತ್ತು. ಹಂಡೆಯಲ್ಲಿ ನೀರು ತುಂಬಿತ್ತು. ರೊಪ್ಪದ ಗೊಬ್ಬರ ತಿಪ್ಪೆಗೆ ಹೋಗಿತ್ತು. ಅತ್ತೆ ಒಬ್ಬರೇ ಬೀಸುಕಲ್ಲಿನ ಮುಂದೆ ಕೂತು, ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ಜೋಳ ಬೀಸುತ್ತಿದ್ದರು. ನಾನು ಬಾಗಿ ಹಿಟ್ಟು ಬಳಿಯಲು ಹೋದೆ. ತಟ್ಟನೆ ಕೈ ತಳ್ಳಿದರು.

"ಮುಟ್ಟಬ್ಯಾಡ! ನೀ ಕುಂದ್ರು."

ನನಗೆ ತಡೆಯಲಾಗಲಿಲ್ಲ. "ಏನಂದ್ಕೊಂಡಿದೀರಾ ಅತ್ತೆಮ್ಮ? ನಾನೇನ್ ಬಿಟ್ಟಿ ಕೂಳು ತಿನ್ನಾಕ್ ಬಂದೋಳಾ? ಪೊರಕೆ ಮುಟ್ಟಂಗಿಲ್ಲ, ಕೊಡ ಮುಟ್ಟಂಗಿಲ್ಲ, ಬೀಸೋ ಕಲ್ಲು ಮುಟ್ಟಂಗಿಲ್ಲ! ಈ ಮನೇಲಿ ನಾನ್ ಬ್ಯಾಡ ಅಂದ್ರೆ ಬಾಯ್ಬಿಟ್ಟು ಹೇಳಿ, ನಮ್ಮೂರಿಗೆ ಹೋಯ್ತೀನಿ. ವರ್ಷದ ತೊಡಕಿನ ದಿನಾನೇ ಹಿಂಗ್ ಮಾಡ್ಬೇಕಿತ್ತಾ ನಂಗೆ?"

ಅತ್ತೆ ಬೀಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ತೊಡಕಿನ ದಿನ ಅಂತನ ಮಾಡಿದ್ನಲ್ಲವ್ವ," ಎಂದರು. "ನಿಮ್ಮ ಚಿಕ್ಕಪ್ಪ ಹೋದ ಸಲ ಉಣ್ಣಿಗೆ ಬಂದಾಗ ಕೇಳಿದ್ನಿ. ಹುಡುಗಿ ದಿನಾ ರೊಪ್ಪದ ಹಿಂದ ಕುಂತು ಅಳ್ತೈತಿ, ನಿಮ್ಮ ಕಡೆ ಏನೇನು ಮಾಡ್ತೀರಿ, ಏನು ಮಾಡಿದ್ರ ಇದಕ್ಕ ಸಮಾಧಾನ ಅಂತ. ಯುಗಾದಿ ಮರುದಿನ ಏನು ಮಾಡ್ತಾರೋ ವರ್ಷೆಲ್ಲಾ ಅದನ್ನ ಮಾಡ್ತಾರ ಅಂದ್ರು. ನೀ ಇವತ್ತು ಕಸ ಹೊಡದ್ರ ವರ್ಷೆಲ್ಲಾ ಕಸಾನ ಹೊಡೀಬೇಕಲ್ಲ? ನೀರು ಹೊತ್ರ ವರ್ಷೆಲ್ಲಾ ನೀರಾ ಹೊರಬೇಕಲ್ಲ? ಅದಕ ಕುಂದ್ರು ಅಂದ್ನಿ. ಒಂದು ವರ್ಷರ ಸುಖವಾಗಿ ಕುಂದ್ರಲಿ ಅಂತ."

ನನ್ನ ಕಣ್ಣು ಉರಿಯತೊಡಗಿತು. ಬಾಗಿಲಿನಿಂದ ಹೊರಗೆ ನೋಡಿದೆ. ಹೊತ್ತು ಇನ್ನೂ ಗುಡ್ಡದ ಮೇಲೇ ಇತ್ತು. ಈಗ ಅತ್ತರೆ ಆಗುವುದಿಲ್ಲ, ಏನೇ ಆದರೂ ಆಗುವುದಿಲ್ಲ. ಅಲ್ಲ, ಇಷ್ಟು ಪ್ರೀತಿಯನ್ನು ಇಟ್ಟುಕೊಂಡು ಬೆಳಿಗ್ಗೆ ಬಾಯಿಬಿಟ್ಟು ಒಂದು ಮಾತು ಹೇಳಲು ಈ ಹೆಂಗಸಿಗೆ ಏನಾಗಿತ್ತು? ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ.

"ಹಂಗಾದ್ರೆ ನಿಮ್ಮ ವರ್ಷ?" ಎಂದು ಕೇಳಿದೆ. "ಬೆಳಗಿನಿಂದ ಒಬ್ರೇ ಎಲ್ಲಾ ಮಾಡಿದೀರಲ್ಲ, ನಿಮ್ಮ ವರ್ಷ ಏನಾಯ್ತು ಅತ್ತೆಮ್ಮ?"

"ನಂದೇನು ಬಿಡು," ಎಂದರು, ಮತ್ತೆ ಗೂಟಕ್ಕೆ ಕೈ ಹಾಕುತ್ತ. "ಎಲ್ಲಾ ವರ್ಷನೂ ಹಂಗಾ ಹೋಗ್ಯಾವು."

ನಾನು ಸೀರೆಯನ್ನು ಮೊಣಕಾಲ ಮೇಲೆ ಎತ್ತಿಕೊಂಡು ಬೀಸುಕಲ್ಲಿನ ಆಚೆ ಬದಿಗೆ, ಅವರ ಎದುರಿಗೆ ಕೂತೆ. ಗೂಟದ ಮೇಲಿದ್ದ ಅವರ ಕೈಯ ಮೇಲೆ ನನ್ನ ಕೈ ಇಟ್ಟೆ. ಬ್ಯಾಡ ಬ್ಯಾಡ, ವರ್ಷೆಲ್ಲಾ ಬೀಸಬೇಕಾಕ್ಕೈತಿ ಎಂದು ಎಳೆದುಕೊಳ್ಳಲು ನೋಡಿದರು.

"ಬೀಸ್ತೀನಿ. ಇವತ್ತು ಇಬ್ರೂ ಸೇರಿ ಬೀಸಿದ್ರೆ ವರ್ಷವೆಲ್ಲಾ ಇಬ್ರೂ ಸೇರಿ ಬೀಸ್ತೀವಿ. ಬಾಯಿ ತೆಗೀರಿ," ಎಂದು ಜಿಲೇಬಿ ಮುರಿದು ಅವರ ಬಾಯಿಗೆ ಇಟ್ಟೆ. "ವರ್ಷವೆಲ್ಲಾ ನಿಮಗೆ ಇನ್ನೊಬ್ರು ತಿನ್ನಿಸ್ಬೇಕು." ಆಮೇಲೆ ಕಲ್ಲು ತಿರುಗಿಸುತ್ತ ಆ ಐರಿಷ್ ಹುಡುಗರ ಧಾಟಿ ಎತ್ತಿದೆ. ಬಂದ್ವಮ್ಮ ಬಂದ್ವಮ್ಮ ಕುರಿ ಬಂದ್ವಮ್ಮ. ಬೀಸುವ ಪದ ನಿಧಾನದ್ದು, ಇದು ನೆಗೆಯುವುದು. ಕಲ್ಲು ದಿಕ್ಕು ತಪ್ಪಿದ ಹಾಗೆ ಓಡಿತು. ಹಿಟ್ಟು ಅತ್ತೆಯ ಮೂಗಿಗೆ ಹಾರಿತು. ಹೊರಗೆ ಕಟ್ಟೆಯ ಮೇಲಿದ್ದ ಇವರು, ಕರೆಯದೆಯೇ, ಹೊರ್ರ್ರ್ ಹೋಯ್ ಎಂದು ಜೊತೆಗೂಡಿದರು. ರೊಪ್ಪದ ಕುರಿಗಳೆಲ್ಲ ಒಟ್ಟಿಗೇ ಓಗೊಟ್ಟವು. ಅತ್ತೆ ಜಿಲೇಬಿ ತುಂಬಿದ ಬಾಯಲ್ಲಿ ನಕ್ಕರು. ಅವರಿಗೂ ಹಲ್ಲಿವೆ ಎಂದು ನನಗೆ ಗೊತ್ತಾದದ್ದೇ ಆಗ.

ವರ್ಷ ಹಾಗೇ ಹೋಯಿತು. ಬೀಸುವಾಗ ಇಬ್ಬರೂ ಎದುರುಬದುರು ಕೂರುತ್ತಿದ್ದೆವು. ಆ ಧಾಟಿಗೆ ಅತ್ತೆಯೇ ಹೊಸ ಹೊಸ ಮಾತು ಕಟ್ಟುತ್ತಿದ್ದರು, ಹೆಚ್ಚಿನವು ಮಗನನ್ನು ಗೇಲಿ ಮಾಡುವಂಥವು. ನೆರೆಯವರು ಕಲಿತರು, ಅವರಿಂದ ಪಕ್ಕದ ಊರಿನವರು ಕಲಿತರು. ಬಳ್ಳಾರಿಯ ದಂಡಿನಲ್ಲಿ ಊರು ನೆನೆಸಿಕೊಂಡು ಮೇಜು ಬಡಿದ ಆ ಹುಡುಗರಿಗೆ ಯಾರಾದರೂ ಇದನ್ನು ಹೇಳಬೇಕಿತ್ತು. ಪ್ರತಿ ಯುಗಾದಿಯ ಮರುದಿನ ನಾವು ಅದೇ ತಗಡಿನ ಹೋಟೆಲಿಗೆ ಹೋಗುತ್ತಿದ್ದೆವು. ಮೂರನೆಯ ಸಲಕ್ಕೆ ಅತ್ತೆಯೂ ಬಂದರು. ಬಾಡು ಮುಟ್ಟಲಿಲ್ಲ, ಹಾಡು ಹೇಳದೆ ಬಿಡಲಿಲ್ಲ.

ಆದರೆ ಆ ಮೊದಲ ದಿನ ಇನ್ನೂ ಮುಗಿದಿರಲಿಲ್ಲ. ಹಿಟ್ಟು ಬಳಿದು ಕೈ ಒರೆಸಿಕೊಳ್ಳುವಾಗ ಮನೆಯೊಳಗೆ ಕತ್ತಲಾಗುತ್ತ ಬಂತು. ಅತ್ತೆ ಎದ್ದು ಬಾಗಿಲಿಗೆ ಹೋಗಿ ಗುಡ್ಡದ ಕಡೆ ನೋಡಿದರು. ಹೊತ್ತು ಮುಳುಗಿತ್ತು. ದೇವರ ಗೂಡಿನ ದೀಪ ಹಚ್ಚಿದರು. ದೀಪದ ಬೆಳಕಲ್ಲಿ ನನ್ನ ಮುಖ ನೋಡಿ, ಬಂದು ಪಕ್ಕದಲ್ಲಿ ಕೂತರು.

"ದೀಪ ಹಚ್ಚೀನಿ. ನಿಮ್ಮ ತೊಡಕು ಮುಗೀತು," ಎಂದರು. "ಬೆಳಿಗ್ಗಿಂದ ಹಿಡ್ಕಂಡೀಯಲ್ಲ, ಇನ್ನ ಅಳು ನನ್ನವ್ವ, ಎಷ್ಟು ಬೇಕೋ ಅಷ್ಟು ಅಳು. ಇದು ವರ್ಷಕ್ಕ ಹಿಡಿಯಂಗಿಲ್ಲ."

ಅವರ ಮಡಿಲಲ್ಲಿ ಮುಖ ಹುದುಗಿಸಿ ಮನಸಾರೆ ಅತ್ತುಬಿಟ್ಟೆ. ಹೊರಗೆ ಕಟ್ಟೆಯಿಂದ ಇವರು ಗಾಬರಿಯಲ್ಲಿ ಕೂಗುತ್ತಿದ್ದರು. "ಅವ್ವಾ, ನಗಾಕತ್ತಾಳೋ ಅಳಾಕತ್ತಾಳೋ ನೋಡಬೇ!"

"ನಿನಗ ಗೊತ್ತಾಗಂಗಿಲ್ಲ ಬಿಡಪ್ಪ," ಎಂದರು ಅತ್ತೆ, ನನ್ನ ಬೆನ್ನು ಸವರುತ್ತ. "ನೀ ಕುರಿ ನೋಡು ಹೋಗು."